ಕರ್ನಲ್ ಲ್ಯಾಂಬ್ಟನ್ ಮತ್ತು ಕಾಣದ ಧ್ರುವ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಇರುಳು ನಿಂತು ಉತ್ತರಕ್ಕೆ ಮುಖಮಾಡಿದವನಿಗೆ ಧ್ರುವನಕ್ಷತ್ರವು ದಿಗಂತದಿಂದ ಸುಮಾರು 14 ಅಂಶದಷ್ಟೇ ಮೇಲೆ ತೋರುತ್ತದೆ. ಚಾಚಿದ ಕೈಯ ಮುಷ್ಟಿಯಿಂದ ಅಳೆದರೆ ಒಂದೂವರೆ ಮುಷ್ಟಿ. ಒಂದು ಮಾವಿನ ತೋಪು, ಒಂದು ಮಾಳಿಗೆ, ಬೇಸಗೆಯ ಧೂಳಿನ ತೆರೆ, ಯಾವುದಾದರೂ ಸಾಕು, ಅದು ಮರೆಯಾಗಿಬಿಡುತ್ತದೆ. ಈ ಊರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪುಣ್ಯಕ್ಷೇತ್ರ. ಆ ಜನರ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ನಾಡುನಾಡುಗಳನ್ನು ದಾಟುತ್ತಿದ್ದರು. ಹದಿನೆಂಟನೆಯ ಶತಮಾನದ ಸೈನ್ಯಗಳ ಹೊಟ್ಟೆ ತುಂಬಿಸಿದವರೂ ಬಹುಮಟ್ಟಿಗೆ ಅವರೇ. ಹಾಗೆ ಬಂಜಾರರು ಹೊತ್ತು ತಂದ ಧಾನ್ಯವನ್ನು ನೆಚ್ಚಿಕೊಂಡು 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಸಾಗಿಬಂದ ದಂಡಿನಲ್ಲಿ, ಮರೆಯಾದ ಧ್ರುವವನ್ನು ಲೆಕ್ಕದಿಂದ ಹಿಡಿಯಬಲ್ಲ ಒಬ್ಬ ಮಿತಭಾಷಿಯಾದ ಅಧಿಕಾರಿ ಇದ್ದನು. ಅವನೇ ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬಡ ರೈತ ಮನೆತನದಲ್ಲಿ 1750ರ ದಶಕದಲ್ಲಿ ಹುಟ್ಟಿದ ಲ್ಯಾಂಬ್ಟನ್ನನು ತಾರುಣ್ಯದ ಬಹುಭಾಗವನ್ನು ಉತ್ತರ ಅಮೆರಿಕದಲ್ಲಿ ಕಳೆದನು. ಅಲ್ಲಿ ಸೈನ್ಯದ ಬಿಡಾರಗಳ ಮೇಲ್ವಿಚಾರಕನಾಗಿದ್ದ ಸುಮಾರು 13 ವರ್ಷ ಗಣಿತವೇ ಅವನ ಸಂಗಾತಿ. ಸೂರ್ಯಗ್ರಹಣವೊಂದನ್ನು ನೋಡುವ ಆತುರದಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡನೆಂದು ಹೇಳುತ್ತಾರೆ. ಉಳಿದ ಒಂದೇ ಕಣ್ಣಿನಲ್ಲಿ ಅವನು ಮುಂದೆ ನೋಡಿದ್ದು ಎರಡು ಕಣ್ಣುಳ್ಳವರಲ್ಲಿ ಎಷ್ಟು ಮಂದಿಗೆ ಸಾಧ್ಯವಾಯಿತೋ! ನಲವತ್ತು ದಾಟಿದ ಮೇಲೆ ಅವನು ಭಾರತಕ್ಕೆ ಬಂದನು.

1799ರ ಏಪ್ರಿಲಿನ ಒಂದು ರಾತ್ರಿ ಸೇನಾಪತಿ ಬೇರ್ಡನ ತುಕಡಿಯೊಂದು ಶ್ರೀರಂಗಪಟ್ಟಣದ ಬಳಿಯ ತೋಪೊಂದನ್ನು ಶೋಧಿಸಿ ಶಿಬಿರಕ್ಕೆ ಹಿಂದಿರುಗಲು ಹೊರಟಿತು. ಉತ್ತರಕ್ಕೆ ಹೋಗಬೇಕಾಗಿದ್ದ ದಂಡು ದಕ್ಷಿಣಕ್ಕೆ, ಟಿಪ್ಪುವಿನ ಪಾಳೆಯದತ್ತಲೇ ನಡೆಯುತ್ತಿರುವುದನ್ನು ಜೊತೆಯಲ್ಲಿದ್ದ ಲ್ಯಾಂಬ್ಟನ್ನನು ನಕ್ಷತ್ರಗಳಿಂದ ಅರಿತನು. ಆ ತಿಂಗಳಲ್ಲಿ ರಾತ್ರಿ ಹತ್ತರ ಸುಮಾರಿಗೆ ಸಪ್ತರ್ಷಿಮಂಡಲವು ಉತ್ತರದಲ್ಲಿ ಎತ್ತರಕ್ಕೇರಿರುತ್ತದೆ. ಪುಲಹ, ಕ್ರತು ಇವೆರಡನ್ನು ಸೇರಿಸಿದ ಗೆರೆಯನ್ನು ಐದು ಪಟ್ಟು ಕೆಳಕ್ಕೆ ಎಳೆದರೆ, ಮರದ ತಲೆಗಳ ಹಿಂದೆ ಧ್ರುವ ಅಡಗಿದ್ದರೂ ಅದರ ನೆಲೆ ತಿಳಿಯುತ್ತದೆ. ಅವನು ವಿಷಯವನ್ನು ತಿಳಿಸಿದಾಗ, ನಕ್ಷತ್ರಗಳನ್ನು ಕೇಳದೆಯೇ ದಂಡು ನಡೆಸುವುದು ತನಗೆ ಗೊತ್ತೆಂದು ಬೇರ್ಡನು ಅದನ್ನು ತಳ್ಳಿಹಾಕಿದನು. ಸ್ವಲ್ಪ ಹೊತ್ತಿಗೆ ಶತ್ರುವಿನ ಕಾವಲು ಠಾಣೆಯೇ ಎದುರಾಯಿತು. ಆಮೇಲೆ ದೀಪ ಹಚ್ಚಿ ದಿಕ್ಸೂಚಿಯನ್ನು ನೋಡಿದರು. ನಕ್ಷತ್ರಗಳ ಮಾತೇ ನಿಜವಾಗಿತ್ತು. ಇನ್ನೂ ಕೆಲವು ಹೆಜ್ಜೆ ನಡೆದಿದ್ದರೆ ಆ ರಾತ್ರಿಯ ಕಥೆ ಬೇರೆಯಾಗುತ್ತಿತ್ತು. ಕನ್ನಡಿಗನಾದ ಓದುಗನಿಗೆ ಇಲ್ಲಿ ಯಾರ ಪರವಾಗಿ ಹಿಗ್ಗಬೇಕೋ ತಿಳಿಯದು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಗೆದ್ದ ನಾಡನ್ನು ಅಳೆಯುವ ಯೋಜನೆಯನ್ನು ಲ್ಯಾಂಬ್ಟನ್ನನು ಕೂಡಲೇ ಸರ್ಕಾರದ ಮುಂದಿಟ್ಟನು. ಕಂಪನಿಗೆ ಬೇಕಾಗಿದ್ದುದು ಆಳ್ವಿಕೆಗೆ ಒದಗುವ ನಕ್ಷೆ; ಇವನ ಮನಸ್ಸಿನಲ್ಲಿದ್ದುದು ಭೂಮಿಯ ಆಕಾರ. ವಿರೋಧವೂ ಕಡಮೆಯಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗುವವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ನಕ್ಷೆಯಿಲ್ಲದೆಯೇ ತಲಪುತ್ತಾನೆಂದು ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು ಹಾಸ್ಯಮಾಡಿದನಂತೆ. ಹಾಗಿದ್ದರೂ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಉದ್ದವಾದ ಮೊದಲ ಆಧಾರರೇಖೆಯನ್ನು ಅಳೆದದ್ದಾಯಿತು. ಅಳೆದ 100 ಅಡಿಯ ಉಕ್ಕಿನ ಸರಪಣಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಕೈಬದಲಾಗುತ್ತ ಇಲ್ಲಿಗೆ ಬಂದುದು!

ರೇಖೆಯ ಉದ್ದ ಸಿಕ್ಕಿದರೆ ಸಾಲದು, ಅದರ ದಿಕ್ಕೂ ಸಿಕ್ಕಬೇಕು. ಕಷ್ಟವಿದ್ದುದು ಅಲ್ಲಿಯೇ. ಉತ್ತರವನ್ನು ಗೊತ್ತುಮಾಡುವಾಗ ಒಂದು ಅಂಶದ ಅರವತ್ತನೆಯ ಪಾಲು ತಪ್ಪಿದರೂ, ನೂರು ಮೈಲಿ ನಡೆದ ಮೇಲೆ ಆ ತಪ್ಪು 150 ಅಡಿಗೂ ಮೀರುತ್ತದೆ. ಧ್ರುವನಕ್ಷತ್ರವನ್ನು ನೋಡಿದರಾಯಿತು ಎಂದು ನಮಗನ್ನಿಸಬಹುದು. ಆದರೆ ಆಕಾಶದ ಧ್ರುವಬಿಂದು ಬರಿಯ ಶೂನ್ಯ, ಅಲ್ಲಿ ಏನೂ ಹೊಳೆಯುವುದಿಲ್ಲ. ಧ್ರುವನಕ್ಷತ್ರವೂ ಅದನ್ನು ಸುತ್ತುತ್ತದೆ. ಈಗ ಅದು ಬಿಂದುವಿನಿಂದ ಒಂದು ಅಂಶಕ್ಕಿಂತ ಕಡಮೆ ದೂರದಲ್ಲಿದೆ. ಲ್ಯಾಂಬ್ಟನ್ನನ ಕಾಲದಲ್ಲಿ ಒಂದೂಮುಕ್ಕಾಲು ಅಂಶ, ಎಂದರೆ ಮೂರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟರೂ ತುಂಬದಷ್ಟು ದೂರ.

ಆದ್ದರಿಂದ ನಕ್ಷತ್ರವು ತನ್ನ ಪುಟ್ಟ ವೃತ್ತದ ಪೂರ್ವದ ಅಥವಾ ಪಶ್ಚಿಮದ ಅಂಚನ್ನು ಮುಟ್ಟುವ ಗಳಿಗೆಗಾಗಿ ಕಾಯಬೇಕು. ಆ ಅಂಚಿನಲ್ಲಿ ಅದು ಕೆಲವು ನಿಮಿಷ ಎಡಕ್ಕೂ ಬಲಕ್ಕೂ ಸರಿಯದೆ ನೇರವಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಗಡಿಯಾರ ತುಸು ತಪ್ಪಿದ್ದರೂ ಬಾಧಕವಿಲ್ಲ. ದೂರದಲ್ಲಿ ದೀಪವೊಂದನ್ನು ಇರಿಸಿ, ಅದಕ್ಕೂ ನಕ್ಷತ್ರಕ್ಕೂ ನಡುವಿನ ಕೋನವನ್ನು ಅಳೆದು, ಅಂಚಿನಿಂದ ಬಿಂದುವಿಗಿರುವ ಅಂತರವನ್ನು ಗಣಿತದಿಂದ ಕಳೆದರೆ, ಯಾರೂ ಕಾಣದ ಧ್ರುವ ಕಾಗದದ ಮೇಲೆ ಸಿಕ್ಕುತ್ತದೆ. ಆ ಗಳಿಗೆ ಹಗಲಿನಲ್ಲಿ ಬಂದರೆ, ಮೋಡ ಕವಿದರೆ, ದೀಪ ಆರಿದರೆ ಮತ್ತೊಂದು ರಾತ್ರಿ. ಇರುಳೆಲ್ಲ ದೀಪ ಕಾದ ನಮ್ಮವರ ಹೆಸರುಗಳು ಮಾತ್ರ ಆ ವರದಿಗಳಲ್ಲಿ ಕಾಣವು. ಇಂದು ಮನೆಯ ಮಾಳಿಗೆಯಲ್ಲಿ ದೂರದರ್ಶಕವನ್ನು ಹೂಡುವ ಹವ್ಯಾಸಿಗೂ ಇದೇ ಪಾಡು. ಪಕ್ಕದ ಕಟ್ಟಡ ಧ್ರುವವನ್ನು ಮುಚ್ಚಿದ್ದರೆ, ಅವನು ನಡುನೆತ್ತಿಯ ಗೆರೆಯ ಬಳಿಯ ಒಂದು ನಕ್ಷತ್ರವನ್ನೂ ಪೂರ್ವದಲ್ಲಿ ತಗ್ಗಿನಲ್ಲಿರುವ ಇನ್ನೊಂದನ್ನೂ ಹಿಡಿದು, ಅವು ಉತ್ತರಕ್ಕೆ ಜಾರುವುವೋ ದಕ್ಷಿಣಕ್ಕೋ ನೋಡುತ್ತಾನೆ. ಮೊದಲನೆಯದರ ಜಾರಿಕೆ ಯಂತ್ರದ ಅಚ್ಚು ಎಡಬಲಕ್ಕೆ ತಪ್ಪಿರುವುದನ್ನು ಹೇಳುತ್ತದೆ, ಎರಡನೆಯದು ಎತ್ತರದ ತಪ್ಪನ್ನು.

1802ರಲ್ಲಿ ಮದರಾಸಿನ ಬಳಿ ಎರಡನೆಯ ಆಧಾರರೇಖೆ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರನ್ನು ತಲಪಿ, 1804ರಲ್ಲಿ ಇಲ್ಲಿ ಮತ್ತೊಮ್ಮೆ ನೆಲವನ್ನು ಅಳೆದು ನೋಡಿದಾಗ, ಲೆಕ್ಕಕ್ಕೂ ಅಳತೆಗೂ ನಾಲ್ಕು ಅಂಗುಲದ ಅಂತರವೂ ಇರಲಿಲ್ಲ. ಮದರಾಸಿನಿಂದ ಮಂಗಳೂರಿಗೆ 400 ಮೈಲಿಯೆಂದು ಹಳೆಯ ನಕ್ಷೆಗಳು ಹೇಳುತ್ತಿದ್ದುವು. ತ್ರಿಕೋನಗಳು ಪಡುಗಡಲನ್ನು ಮುಟ್ಟಿದಾಗ ಅದು 360ಕ್ಕೆ ಇಳಿಯಿತು. 1805ರಲ್ಲಿ ಬೆಂಗಳೂರಿನ ದೊಡ್ಡಗುಂಟೆಯಲ್ಲಿ ನಡುನೆತ್ತಿಯ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ಗೊತ್ತುಮಾಡಿದನು. ಅದು 13 ಅಂಶಕ್ಕೆ ಕೂದಲೆಳೆಯಷ್ಟೇ ಕಡಮೆ.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅರ್ಧ ಟನ್ ತೂಕದ ಕೋನಮಾಪಕವನ್ನು ಏರಿಸುತ್ತಿದ್ದಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು. ಮೂರಡಿಯ ವೃತ್ತ ಸೊಟ್ಟಗಾಯಿತು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಲ್ಯಾಂಬ್ಟನ್ನನು ಡೇರೆಯಲ್ಲಿ ಬಾಗಿಲು ಹಾಕಿಕೊಂಡು, ಕೆಲವರು ಕುಶಲಕರ್ಮಿಗಳನ್ನು ಮಾತ್ರ ಒಳಗೆ ಬಿಟ್ಟುಕೊಂಡು, ಆರು ವಾರ ಅದನ್ನು ಎಳೆಯೆಳೆಯಾಗಿ ತಿದ್ದಿದನು. ಅದೇ ಯಂತ್ರ ಮುಂದೆಯೂ ಅವನಿಗೆ ದುಡಿಯಿತು.

1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ಮರುವರ್ಷ ಅವನ ಕೈಕೆಳಗೆ ನೇಮಕಗೊಂಡ ಎವರೆಸ್ಟನ ಹೆಸರು ಪರ್ವತಕ್ಕೇರಿತು. ಕನ್ಯಾಕುಮಾರಿಯ ಬಳಿಯಿಂದ ಬೀದರಿನ ಆಸುಪಾಸಿನವರೆಗೆ ಸುಮಾರು ಹತ್ತು ಅಂಶಗಳ ರೇಖೆಯನ್ನು ಅಳೆದವನ ಹೆಸರನ್ನು ಬೆಂಗಳೂರಿನಲ್ಲಿ ಕೇಳಿದರೂ ಹೇಳುವವರು ವಿರಳ. ಎಪ್ಪತ್ತರ ಸುಮಾರಿನ ಮುದುಕನಾಗಿ, ಕ್ಷಯದಿಂದ ಬಳಲುತ್ತ, ಅವನು ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊರಟಿದ್ದನು. 1823ರ ಜನವರಿ 20ರಂದು ದಾರಿಯಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ. ಅಲ್ಲಿ ಧ್ರುವವು ದಿಗಂತದಿಂದ 20 ಅಂಶಕ್ಕೂ ಮೇಲೆ ನಿಂತಿರುತ್ತದೆ.