ಕೋಶವಿಭಜನೆಯನ್ನು ಕಣ್ಣಾರೆ ಕಂಡ ವಾಲ್ಟರ್ ಫ್ಲೆಮಿಂಗ್

ಜರ್ಮನಿಯ ಷ್ವೆರಿನ್ ನಗರದ ಸಮೀಪದಲ್ಲಿರುವ ಸಾಕ್ಸೆನ್‌ಬರ್ಗ್ ಎಂಬಲ್ಲಿ, ಮಾನಸಿಕ ರೋಗಿಗಳ ಚಿಕಿತ್ಸಾಲಯದ ಮುಖ್ಯವೈದ್ಯರ ಪುತ್ರರಾಗಿ ವಾಲ್ಟರ್ ಫ್ಲೆಮಿಂಗ್ ಅವರು 1843ನೆಯ ಇಸವಿ ಏಪ್ರಿಲ್ 21ರಂದು ಜನಿಸಿದರು. 1868ರಲ್ಲಿ ರಾಸ್ಟಾಕ್‌ನಲ್ಲಿ ವೈದ್ಯಪದವಿಯನ್ನು ಪಡೆದು, 1870–71ರ ಫ್ರಾನ್ಸ್–ಪ್ರಷ್ಯ ಯುದ್ಧದಲ್ಲಿ ಸೇನಾವೈದ್ಯರಾಗಿ ದುಡಿದರು. ಪ್ರಾಗ್‌ನಲ್ಲಿ ಕೆಲಕಾಲ ಬೋಧಿಸಿ, 1876ರಲ್ಲಿ ಕೀಲ್ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿಯೇ ಅವರ ಕೀರ್ತಿಗೆ ಕಾರಣವಾದ ಕಾರ್ಯವು ಸಿದ್ಧಿಸಿತು.

ಕೋಶವು ಎರಡಾಗುವಾಗ ಅದರೊಳಗಿನ ಕೋಶಕೇಂದ್ರವು ಏನಾಗುವುದು? ಅದು ನಡುವೆ ಹಿಸಿದು ಇಬ್ಭಾಗವಾಗುವುದೆಂದು ಕೆಲವರೂ, ಕರಗಿಹೋಗಿ ಹೊಸದಾಗಿ ಮೂಡುವುದೆಂದು ಕೆಲವರೂ ವಾದಿಸುತ್ತಿದ್ದ ಕಾಲವದು. ಜೀವಂತ ಕೋಶವು ಬಹುಮಟ್ಟಿಗೆ ಪಾರದರ್ಶಕ. ಬಣ್ಣ ಹಾಕಿದರೆ ಒಳಗಿನದು ಸ್ಪಷ್ಟವಾಗುವುದು. ಆದರೆ ಅದಕ್ಕಾಗಿ ಕೋಶವನ್ನು ಆಮ್ಲದಿಂದ ಕೊಲ್ಲಬೇಕು. ಹೀಗೆ ಕಂಡ ಎಳೆಗಳು ಜೀವವಿದ್ದಾಗಲೂ ಇದ್ದವೋ, ಆಮ್ಲವೇ ಅವನ್ನು ಉಂಟುಮಾಡಿತೋ ಎಂಬ ಸಂಶಯವು ಸಹಜವಾದುದು.

ಈ ಸಂಶಯವನ್ನು ಫ್ಲೆಮಿಂಗರು ತಾಳ್ಮೆಯಿಂದಲೇ ಪರಿಹರಿಸಿದರು. ಕಪ್ಪೆಯ ವರ್ಗಕ್ಕೆ ಸೇರಿದ, ಹಲ್ಲಿಯ ಆಕಾರದ ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳನ್ನು ಆರಿಸಿಕೊಂಡರು. ಅವುಗಳ ಕೋಶಗಳು ದೊಡ್ಡವು, ಬಾಲದ ಅಂಚು ತೆಳುವಾದುದು. ಸೂಕ್ಷ್ಮದರ್ಶಕದಡಿಯಲ್ಲಿ ಜೀವಂತ ಕೋಶವೊಂದನ್ನೇ ಗಂಟೆಗಟ್ಟಲೆ ದಿಟ್ಟಿಸಿ, ಕಂಡುದನ್ನು ಬರೆದಿಟ್ಟರು. ಅನಂತರ ಬಣ್ಣವೇರಿಸಿದ ಕೋಶಗಳೊಡನೆ ಹೋಲಿಸಿದರು. ಎರಡೂ ಕಡೆ ಅವೇ ಎಳೆಗಳು! ಎಳೆಗಳು ದಪ್ಪವಾಗುವವು, ಉದ್ದುದ್ದಕ್ಕೆ ಸೀಳಿ ಜೋಡಿಯಾಗುವವು, ತರುವಾಯ ಎರಡು ಗುಂಪುಗಳಾಗಿ ಎದುರುಬದುರು ಸರಿದು ಎರಡು ಕೋಶಕೇಂದ್ರಗಳಾಗುವವು. ಬಣ್ಣವನ್ನು ಚೆನ್ನಾಗಿ ಹೀರುವ ಆ ವಸ್ತುವಿಗೆ 1879ರಲ್ಲಿ ಕ್ರೊಮಾಟಿನ್ ಎಂದೂ, ಎಳೆ ಎಂಬರ್ಥದ ಗ್ರೀಕ್ ಶಬ್ದದಿಂದ ಈ ವಿಭಜನೆಗೆ 1882ರಲ್ಲಿ ಮೈಟೋಸಿಸ್ ಎಂದೂ ಹೆಸರಿಟ್ಟರು. ಛಾಯಾಚಿತ್ರದ ನೆರವಿಲ್ಲದೆ ಕೈಯಿಂದಲೇ ರಚಿಸಿದ ಅವರ ಚಿತ್ರಗಳ ನಿಖರತೆ ವಿಸ್ಮಯಕರವಾದುದು.

ಮೆಂಡೆಲರ ಪ್ರಬಂಧವು 1866ರಲ್ಲಿಯೇ ಅಚ್ಚಾಗಿದ್ದರೂ ವಿದ್ವಲ್ಲೋಕವು ಅದನ್ನು ಗುರುತಿಸಿದ್ದು 1900ರಲ್ಲಿ. ಆ ವೇಳೆಗೆ ಫ್ಲೆಮಿಂಗರು ನರವ್ಯಾಧಿಯಿಂದ ಜರ್ಜರಿತರಾಗಿದ್ದರು. ತಾವು ಕಂಡ ಎಳೆಗಳೇ ಆನುವಂಶಿಕತೆಯ ವಾಹಕಗಳೆಂಬುದನ್ನು ಸಾಧಿಸುವ ಭಾಗ್ಯವು ಅವರದಾಗಲಿಲ್ಲ. ನಿರಾಶ್ರಿತರಿಗೆ ಊಟವಿಕ್ಕುತ್ತ, ಬಡಮಕ್ಕಳಿಗೆ ಗಣಿತವನ್ನು ಕಲಿಸುತ್ತ ಬಾಳಿದ ಆ ಸಜ್ಜನರು 1905ರ ಆಗಸ್ಟ್ 4ರಂದು ಕೀಲ್‌ನಲ್ಲಿ ನಿಧನರಾದರು.

1998ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂಬಲಿಮೀನಿನ ಹಸಿರು ಬೆಳಕಿನ ಪ್ರೋಟೀನನ್ನು ಕ್ರೊಮಾಟಿನ್‌ನ ಹಿಸ್ಟೋನ್ ಎಂಬ ಪ್ರೋಟೀನಿಗೆ ಜೋಡಿಸಿದರು. ಮನುಷ್ಯನ ಕೋಶವನ್ನು ಕೊಲ್ಲದೆ, ಬಣ್ಣ ಹಾಕದೆ, ಅದರೊಳಗಿನ ಎಳೆಗಳು ಹೊಳೆಯುತ್ತ ಚಲಿಸುವುದನ್ನು ಚಿತ್ರೀಕರಿಸಿದರು. ಅವು ಸಾಗಿದ ಕ್ರಮವು ಸಾಲಮಾಂಡರ್ ಮರಿಯನ್ನು ದಿಟ್ಟಿಸಿ ಫ್ಲೆಮಿಂಗರು ಬರೆದಿಟ್ಟ ಕ್ರಮವೇ ಆಗಿತ್ತು.