ದೊಡ್ಡ ಸ್ವಾಮಿಯವರ ಎರಡು ಲೆಕ್ಕಗಳು

ಬೇಸಿಗೆ ರಜೆ ಬಂತೆಂದರೆ ಯುವಜನರ ಸೇವಾ ಶಿಬಿರಗಳು ಶುರುವಾಗುತ್ತವೆ. ಕಲಬುರಗಿಯ ಜಗತ್‌ನಿಂದ ಕಮಲಾಪುರದ ಕಡೆಯ ಹಳ್ಳಿಗೆ ಹೊರಟರೂ ಅಷ್ಟೇ, ಯೂರೋಪಿನಿಂದ ದಕ್ಷಿಣ ಆಫ್ರಿಕಾದ ಜೂಲು ಜನರ ಹಳ್ಳಿಗೆ ಹೊರಟರೂ ಅಷ್ಟೇ. ಹತ್ತು ಹದಿನೈದು ದಿನ ಶಾಲೆಯ ಗೋಡೆಗೆ ಸುಣ್ಣ ಬಳಿದು, ಮಕ್ಕಳಿಗೆ ಹಾಡು ಕಲಿಸಿ, ಫೋಟೋ ತೆಗೆಸಿಕೊಂಡು ಮರಳುತ್ತಾರೆ. ತಪ್ಪೇನೂ ಇಲ್ಲ. ಆದರೆ ಪ್ರಿಯ ವಾಚಕರೇ, ಒಂದು ಕಾಲದಲ್ಲಿ ನಮ್ಮ ಕನ್ನಡ ನಾಡೇ ಅಂಥ ಹಳ್ಳಿಯಾಗಿತ್ತು. ಕಡಲಾಚೆಯಿಂದ ಸೇವೆಗೆಂದು ಬಂದವರನ್ನು ನಮ್ಮ ಹಿರಿಯರು ಜಗಲಿಯಲ್ಲಿ ಕುಳಿತು ನೋಡಿದ್ದರು. ಹಾಗೆ ಬಂದವರಲ್ಲಿ ಒಬ್ಬರು ಮೂವತ್ತೊಂದು ವರ್ಷ ಈ ದೇಶದಲ್ಲಿ ಉಳಿದರು. ಅವರೇ ಫ್ರಾನ್ಸಿನ ಅಬ್ಬೆ ದ್ಯುಬುವಾ. ಅಬ್ಬೆ ಎಂಬುದು ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ ಮಾತು. ನಮ್ಮ ಜನ ಅವರನ್ನು ದೊಡ್ಡ ಸ್ವಾಮಿ ಎಂದು ಕರೆದರು.

ಜ್ಯಾನ್ ಆಂಟ್ವಾನ್ ದ್ಯುಬುವಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೇಶ್ ಸೀಮೆಯ ಒಂದು ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯ ಗುರುವಾಗಿ ಹಡಗು ಹತ್ತಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಹಿಂದೆ ಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿದ್ದ ತಾಯ್ನಾಡು. ಮುಂದೆ ಭಾಷೆಯೇ ತಿಳಿಯದ ನಾಡು. ಮೊದಲ ಕೆಲವು ವರ್ಷ ಪಾಂಡಿಚೇರಿಯ ಆಶ್ರಯದಲ್ಲಿ ತಮಿಳು ಸೀಮೆಯಲ್ಲಿ ದುಡಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಅಳಿದುಳಿದವರು ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಇಂದಿಗೂ ಒಮ್ಮತವಿಲ್ಲ; ಆದರೆ ಪಟ್ಟಿದ್ದ ಪಾಡು ಸುಳ್ಳಲ್ಲ. ಬಲವಂತದಿಂದ ಧರ್ಮ ಬಿಟ್ಟವರಿದ್ದರು, ಗುರುಗಳ ಮುಖವನ್ನೇ ಕಾಣದೆ ಬೆಳೆದ ಮಕ್ಕಳಿದ್ದರು. ಇವರನ್ನು ಒಟ್ಟುಗೂಡಿಸಲು ಆಗ ಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇರೆಗೆ ದ್ಯುಬುವಾ ಅವರನ್ನು ಕರೆಸಲಾಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವರೇ. ಇಂಗ್ಲಿಷ್ ದಳಪತಿಯೊಬ್ಬ ಫ್ರೆಂಚ್ ಗುರುವನ್ನು ಕರೆಸಿದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

ಬಂದವರು ಮಾಡಿದ ಮೊದಲ ಕೆಲಸ ವೇಷ ಬದಲಿಸಿದ್ದು. ಬಿಳಿಯ ನಿಲುವಂಗಿ, ತಲೆಗೆ ಪೇಟ, ಕೈಯಲ್ಲಿ ಕೋಲು. ಮಾಂಸ ಬಿಟ್ಟು ಸುತ್ತಲಿನವರ ಊಟವನ್ನೇ ಊಟವೆಂದುಕೊಂಡರು. ಜನರ ಮನಸ್ಸಿಗೆ ನೋವಾಗುವ ಯಾವ ಅಭ್ಯಾಸವನ್ನೂ ಇಟ್ಟುಕೊಳ್ಳಬಾರದೆಂಬುದು ಅವರ ನಿರ್ಧಾರ. ಮದ್ಯಮಾಂಸದ ಕಾರಣಕ್ಕೇ ಪರಂಗಿಯವರನ್ನು ಹೊಸಲಿನಾಚೆ ನಿಲ್ಲಿಸುತ್ತಿದ್ದ ಕಾಲ ಅದು. ಈ ಫ್ರೆಂಚ್ ಗುರುವಿಗೆ ಮಾತ್ರ ಎಲ್ಲ ಜಾತಿಯವರ ಜೊತೆ ಕುಳಿತು ಮಾತಾಡುವ ಸಲಿಗೆ ಸಿಕ್ಕಿತು. ಕಷ್ಟದಲ್ಲಿದ್ದ ಕ್ರೈಸ್ತ ಕುಟುಂಬಗಳಿಗೆ ಭೂಮಿ ದೊರಕಿಸಿ, ಬೇಸಾಯ ಮಾಡಿ ಬದುಕುವ ನೆಲೆಗಳನ್ನೂ ಕಟ್ಟಿದರು.

ಇನ್ನು ಸಿಡುಬಿನ ಮಾತು. ಇಂದಿನ ಮಕ್ಕಳಿಗೆ ಈ ರೋಗದ ಹೆಸರೂ ಗೊತ್ತಿಲ್ಲ. 1980ರಲ್ಲಿ ಅದು ಭೂಮಿಯಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ಇನ್ನೂರು ವರ್ಷಗಳ ಹಿಂದೆ ಅಮ್ಮ ಬಂದಳೆಂದರೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಬದುಕಿ ಉಳಿದವರ ಮುಖದಲ್ಲಿ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಪ್ರಯೋಗಿಸಿ ತೋರಿಸಿದ ಲಸಿಕೆ 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದು ಮುಟ್ಟಿತು. ಶೀತಲ ಪೆಟ್ಟಿಗೆ ಇಲ್ಲದ ಕಾಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಒಂದು ವಾರದ ಹೊತ್ತಿಗೆ ಏಳುವ ಗುಳ್ಳೆಯಿಂದ ರಸ ತೆಗೆದು ಮತ್ತೊಂದು ಮಗುವಿನ ತೋಳಿಗೆ ಗೀರಬೇಕು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಅದು ಸಾಗಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಎಲ್ಲವೂ ವ್ಯರ್ಥ.

ಯೋಚಿಸಿ ನೋಡಿ. ಯಾವ ಜಾತಿಯ ಮಗುವಿನ ಮೈಯ ರಸ ಯಾವ ಜಾತಿಯ ಮಗುವಿಗೆ? ದೇವಿಯ ಕೋಪಕ್ಕೆ ಗುರಿಯಾದರೆ ಹೊಣೆ ಯಾರು? ಹಸುವಿನಿಂದ ಬಂದ ಮದ್ದಂತೆ, ಪರಂಗಿಯವರ ಮದ್ದಂತೆ! ಯಾವ ತಾಯಿ ತಾನೇ ಮಗುವಿನ ತೋಳು ಚಾಚಿಯಾಳು? ಕಂಪನಿ ಸರ್ಕಾರದ ಆಜ್ಞೆಗೆ ಬಗ್ಗದ ವಿಷಯ ಇದು. ಇಂಥ ಹೊತ್ತಿನಲ್ಲಿ ಪೇಟದ ಸ್ವಾಮಿ ಊರೂರಿಗೆ ದಾಕು ಹಾಕಿಸಲು ಹೊರಟರು. 1803-04ರಲ್ಲಿ ಅವರ ಪ್ರಯತ್ನದಿಂದ ಲಸಿಕೆ ಪಡೆದವರು 25,432 ಮಂದಿ ಎಂದು ದಾಖಲಾಗಿದೆ. ಅರಮನೆಯ ರಾಣಿಯರನ್ನು ಚಿತ್ರಕಾರ ಥಾಮಸ್ ಹಿಕಿ ಬಿಡಿಸಿದ್ದು ಇದಾದ ಮೇಲೆ, ಸುಮಾರು 1805ರಲ್ಲಿ. ಲಸಿಕೆಯ ಪ್ರಚಾರಕ್ಕಾಗಿಯೇ ಆ ಚಿತ್ರ ಬರೆಸಿರಬಹುದೆಂದು ಈಚಿನ ಕೆಲವು ಸಂಶೋಧಕರ ಊಹೆ. ಅಂತೂ ಅರಮನೆಯ ಚಿತ್ರಕ್ಕಿಂತ ಮೊದಲೇ ಹಳ್ಳಿಯ ತಾಯಂದಿರು ದೊಡ್ಡ ಸ್ವಾಮಿಯವರನ್ನು ನಂಬಿದ್ದರು.

ಅವರ ಹೆಸರು ಪ್ರಪಂಚಕ್ಕೆ ತಿಳಿದದ್ದು ಮಾತ್ರ ಬೇರೊಂದು ಕಾರಣಕ್ಕೆ. ನಮ್ಮ ಜನರ ಆಚಾರವಿಚಾರಗಳ ಬಗ್ಗೆ ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹಕ್ಕೆ ಕೊಂಡುಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಹಿಂದೆ ಇದ್ದ ಯೇಸುಸಭೆಯ ಕೂರ್ದೂ ಎಂಬ ಗುರುಗಳ ಬರಹದಿಂದ ಎತ್ತಿಕೊಂಡದ್ದೆಂದು 1987ರಲ್ಲಿ ಫ್ರೆಂಚ್ ವಿದುಷಿಯೊಬ್ಬರು ತೋರಿಸಿಕೊಟ್ಟರು. ಹೇಳದೆ ಎತ್ತಿಕೊಂಡದ್ದು ಸರಿಯಲ್ಲ. ಗುರುಗಳೆಂದ ಮಾತ್ರಕ್ಕೆ ನಾವು ಅದನ್ನು ಮುಚ್ಚಿಡಬೇಕಿಲ್ಲ.

ಅದಕ್ಕಿಂತ ಮನಸ್ಸಿಗೆ ತಾಗುವುದು ಅವರ ಕೊನೆಯ ದಿನಗಳ ನಿರಾಶೆ. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಬಾಳಿನ ಲೆಕ್ಕ ಒಪ್ಪಿಸಿದರು. ಇಪ್ಪತ್ತೈದು ವರ್ಷ ದುಡಿದರೂ ದೇಶೀಯ ಗುರುವೊಬ್ಬರ ನೆರವಿನಿಂದ ತಾವು ಕ್ರಿಸ್ತನ ಬಳಿಗೆ ಕರೆತಂದವರು ಇನ್ನೂರು ಮುನ್ನೂರು ಜನ ಮಾತ್ರ. ಅವರಲ್ಲೂ ಹೆಚ್ಚಿನವರು ಹೊಲೆಯರು, ಭಿಕ್ಷುಕರು ಎಂದು ಬೇಸರದಿಂದ ಬರೆದರು. ಹಿಂದೂಗಳಲ್ಲಿ ಧರ್ಮಪ್ರಚಾರದ ಕಾಲವೇ ಮುಗಿಯಿತೆಂದು ತೀರ್ಮಾನಿಸಿದರು. ಪ್ರಾಟೆಸ್ಟೆಂಟ್ ಬೋಧಕರು ಸಿಟ್ಟಿನಿಂದ ಉತ್ತರದ ಪುಸ್ತಕಗಳನ್ನೇ ಬರೆದರು.

ಬಡವರ ಬಗೆಗಿನ ಆ ಮಾತನ್ನು ಓದಿದಾಗ ಈ ಬರಹಗಾರನಿಗೆ ಸಂಕಟವಾಯಿತು. ನಮ್ಮ ಎಷ್ಟೋ ಧರ್ಮಕೇಂದ್ರಗಳು ಇಂಥ ಬಡವರಿಂದಲೇ ಬೆಳೆದು ನಿಂತಿವೆ. ಯೇಸುಸ್ವಾಮಿಯ ಸುತ್ತ ನೆರೆದವರಾದರೂ ಯಾರು? ಜೊತೆಗೆ ಇನ್ನೊಂದು ವಿಚಿತ್ರ. ಇನ್ನೂರು ಮುನ್ನೂರರ ಲೆಕ್ಕ ಬರೆದು ಸೋತೆನೆಂದುಕೊಂಡವರು, ಇಪ್ಪತ್ತೈದು ಸಾವಿರ ತೋಳುಗಳ ಲೆಕ್ಕವನ್ನು ಅದರ ಪಕ್ಕದಲ್ಲಿ ಇಡಲೇ ಇಲ್ಲ.

1820ರಲ್ಲಿ ರಾಣಿಯರನ್ನು ಬಿಡಿಸಿದ ಅದೇ ಹಿಕಿ ದೊಡ್ಡ ಸ್ವಾಮಿಯವರ ಚಿತ್ರವನ್ನೂ ಬಿಡಿಸಿದರು: ಪೇಟ, ನಿಲುವಂಗಿ, ದಣಿದ ಕಣ್ಣು. 1823ರ ಜನವರಿ 15ರಂದು ಅವರು ಹಡಗು ಹತ್ತಿದರು. ಕಂಪನಿ ಅವರಿಗೆ ಪಿಂಚಣಿ ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ಹೊಸ ಗುರುಗಳನ್ನು ತರಬೇತು ಮಾಡುತ್ತ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಅನುವಾದಿಸಿ 1826ರಲ್ಲಿ ಪ್ರಕಟಿಸಿದರು. ಮೈಸೂರಿಗೆ ಮತ್ತೆ ಬರಲಿಲ್ಲ. 1848ರ ಫೆಬ್ರವರಿ 17ರಂದು ಪ್ಯಾರಿಸಿನಲ್ಲಿ ಕಣ್ಮುಚ್ಚಿದರು. ಪೇಟ ಸುತ್ತಿದ ಅವರ ಚಿತ್ರ ಮಾತ್ರ ಮದರಾಸಿನಲ್ಲೇ ಉಳಿಯಿತು.