ಅಮೋಸ್ ಅಲೋನ್ಜೋ ಸ್ಟ್ಯಾಗನ ಚರಿತ್ರೆ

ಅಮೇರಿಕಾ ದೇಶದ ನ್ಯೂ ಜೆರ್ಸಿ ಸೀಮೆಯಲ್ಲಿ ವೆಸ್ಟ್ ಆರೆಂಜ್ ಎಂಬ ಊರಿದೆ. ಅಲ್ಲಿ ಪಾದರಕ್ಷೆಗಳನ್ನು ಹೊಲಿದು ಜೀವನ ಮಾಡುತ್ತಿದ್ದ ಒಬ್ಬ ಬಡವನಿಗೆ ಎಂಟು ಮಂದಿ ಮಕ್ಕಳಿದ್ದರು. ಅವರಲ್ಲಿ ಐದನೆಯವನೇ ನಾವು ಈ ತಿಂಗಳು ವಾಚಕರಿಗೆ ಪರಿಚಯ ಮಾಡಿಕೊಡುವ ಅಮೋಸ್ ಅಲೋನ್ಜೋ ಸ್ಟ್ಯಾಗನು. ಅವನು ಹುಟ್ಟಿದ್ದು 1862ನೇ ಇಸವಿ ಆಗಸ್ಟ್ 16ರಂದು. ವಿಲಿಯಂ ಕೇರಿಯೂ ಪಾದರಕ್ಷೆ ಹೊಲಿಯುವವನಾಗಿದ್ದನೆಂಬುದು ನಮ್ಮ ಸಭೆಗಳವರಿಗೆ ತಿಳಿದ ಸಂಗತಿಯಷ್ಟೆ. ಆದರೆ ಕೇರಿಯು ಬೋಧಕನಾದನು. ಬೋಧಕನಾಗಬೇಕೆಂದು ಹೊರಟ ಸ್ಟ್ಯಾಗನು ಆಗಲಿಲ್ಲ. ಅವನು ಆಟ ಕಲಿಸುವವನಾದನು. ಇಂಥವನ ಚರಿತ್ರೆಯನ್ನು ನಮ್ಮ ಪತ್ರಿಕೆಯಲ್ಲಿ ಬರೆಯುವುದು ತಕ್ಕದ್ದೋ ಎಂದು ಕೆಲವರು ಕೇಳಬಹುದು. ಅವರು ದಯವಿಟ್ಟು ಕಡೆಯ ತನಕ ಓದಲಿ.

ಬಾಲ್ಯದಲ್ಲಿ ಅವನು ಕೂಲಿ ಮಾಡಿ ಹಣ ಕೂಡಿಸಿ ಓದಿದನು. ಎಕ್ಸೆಟರ್ ಎಂಬಲ್ಲಿಯ ಶಾಲೆಯಲ್ಲಿದ್ದಾಗ ಚಳಿಗಾಲದಲ್ಲಿ ಬೆಂಕಿಯೂ ಇಲ್ಲದ ಅಟ್ಟದ ಕೋಣೆಯಲ್ಲಿ ಮಲಗಿ, ದಿನಕ್ಕೆ ಕೆಲವೇ ಕಾಸುಗಳ ಆಹಾರದಿಂದ ಕಾಲ ಕಳೆದನು. ಬಳಿಕ ಯೇಲ್ ಎಂಬ ಹೆಸರಾದ ಕಾಲೇಜನ್ನು ಸೇರಿದನು. ಸುವಾರ್ತೆಯನ್ನು ಸಾರುವ ಸೇವಕನಾಗಬೇಕೆಂಬುದೇ ಅವನ ಮನಸ್ಸಿನಲ್ಲಿದ್ದ ಒಂದೇ ಗುರಿ. ಆದರೆ ಯೇಲಿನಲ್ಲಿ ಅವನ ಹೆಸರು ಎದ್ದದ್ದು ಬೇಸ್‌ಬಾಲ್ ಎಂಬ ದಾಂಡಿನಾಟದಲ್ಲಿ ಚೆಂಡೆಸೆಯುವುದರಿಂದ. ನ್ಯೂಯಾರ್ಕಿನ ಕೂಲಿ ಆಟಗಾರರ ತಂಡದವರು ಒಂದು ಕಾಲಾವಧಿಗೆ 4,200 ಡಾಲರುಗಳನ್ನು ಕೊಡುತ್ತೇವೆಂದು ಕರೆದರು. ಒಂದು ಹೊತ್ತಿನ ಊಟವನ್ನು ಲೆಕ್ಕಹಾಕುತ್ತಿದ್ದ ಹುಡುಗನಿಗೆ ಅದು ಎಂಥ ಮೊತ್ತವೆಂದು ನಾವು ಊಹಿಸಬಹುದು. ಅವನು ಒಲ್ಲೆನೆಂದನು. ಆ ದಿನಗಳಲ್ಲಿ ಕೂಲಿ ಆಟಗಾರರ ಸಹವಾಸವೆಂದರೆ ಹೆಂಡದಂಗಡಿಯ ಸಹವಾಸವೇ ಆಗಿತ್ತು.

1888ರಲ್ಲಿ ಪದವಿಯನ್ನು ಹೊಂದಿ ಅವನು ಅಲ್ಲಿಯ ದೈವಜ್ಞಾನ ಶಾಲೆಯನ್ನು ಸೇರಿದನು. ಅಲ್ಲಿ ಅವನ ಸಂಕಟವು ಪ್ರಾರಂಭವಾಯಿತು. ಮೈದಾನದಲ್ಲಿ ಸಾವಿರಾರು ಜನರ ಕಣ್ಣೆದುರಿಗೆ ಅಂಜದ ಈ ಯೌವನಸ್ಥನು ಸಭೆಯ ಮುಂದೆ ಪ್ರಸಂಗಕ್ಕೆ ನಿಂತರೆ ಮಾತು ಸಾಗುತ್ತಿರಲಿಲ್ಲ. ಮೋಶೆಯು ತಾನು ತೊದಲುಮಾತಿನವನೆಂದು ದೇವರೊಡನೆ ಮೊರೆಯಿಟ್ಟದ್ದನ್ನು ನಾವು ಓದುತ್ತೇವೆ. ಮೋಶೆಗಾದರೋ ಆರೋನನು ದೊರಕಿದನು. ಸ್ಟ್ಯಾಗನಿಗೆ ಯಾರೂ ದೊರಕಲಿಲ್ಲ. ಅವನು ತನ್ನನ್ನು ತಾನೇ ಶೋಧಿಸಿಕೊಂಡು, ಈ ಕೆಲಸಕ್ಕೆ ತಾನು ತಕ್ಕವನಲ್ಲವೆಂದು ತಿಳಿದು, 1890ರಲ್ಲಿ ದೈವಜ್ಞಾನ ಶಾಲೆಯನ್ನು ಬಿಟ್ಟನು. ಬಾಲ್ಯದಿಂದ ಹೊತ್ತ ಆಶೆಯನ್ನು ಹಾಗೆ ಕೆಳಗಿಡುವುದು ಸುಲಭವಲ್ಲ. ತಕ್ಕವರಲ್ಲದೆ ಪ್ರಸಂಗಪೀಠವನ್ನು ಬಿಡದಿರುವವರೂ ಲೋಕದಲ್ಲಿದ್ದಾರೆ. ಅವರ ಮಾತು ಇಲ್ಲಿ ಬೇಡ.

ಅಲ್ಲಿಂದ ಅವನು ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ಕ್ರೈಸ್ತ ಯೌವನಸ್ಥರ ಸಂಘದ ತರಬೇತಿ ಶಾಲೆಗೆ ಹೋದನು. ಆಟಗಳ ಮೂಲಕವೂ ಯೌವನಸ್ಥರನ್ನು ಕರ್ತನ ಕಡೆಗೆ ತಿರುಗಿಸಬಹುದೆಂಬ ನಂಬಿಕೆಯಿಂದ ಆ ಶಾಲೆ ನಡೆಯುತ್ತಿತ್ತು. ಅಲ್ಲಿ ಸ್ಟ್ಯಾಗನ ಕೈಕೆಳಗೆ ಆಡಿದವರಲ್ಲಿ ಜೇಮ್ಸ್ ನೈಸ್ಮಿತ್ ಎಂಬವನೊಬ್ಬನು. 1891ರ ಡಿಸೆಂಬರಿನಲ್ಲಿ ಬುಟ್ಟಿಚೆಂಡಾಟವನ್ನು ಕಂಡುಹಿಡಿದವನು ಇವನೇ. ಆ ಆಟವು ಅದೇ ಸಂಘದ ಮೂಲಕ ನಮ್ಮ ದೇಶಕ್ಕೂ ಬಂದಿತು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಎಂಬವರು ಸಂಘದ ಪರವಾಗಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಕರ ಶಾಲೆಯನ್ನು ನಮ್ಮ ವಾಚಕರಲ್ಲಿ ಕೆಲವರು ಕೇಳಿರಬಹುದು.

ಯೇಲಿನಲ್ಲಿ ಸ್ಟ್ಯಾಗನಿಗೆ ಗುರುವಾಗಿದ್ದ ಹೀಬ್ರು ಪಂಡಿತನಾದ ವಿಲಿಯಂ ಹಾರ್ಪರನು ಚಿಕಾಗೋ ಪಟ್ಟಣದಲ್ಲಿ ಹೊಸದಾಗಿ ಏಳುತ್ತಿದ್ದ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷನಾದಾಗ ಶಿಷ್ಯನನ್ನು ನೆನಸಿ ಕರೆಕಳುಹಿಸಿದನು. ಇಬ್ಬರೂ ಕೂಡಿ ಕುಳಿತಾಗ ಹಾರ್ಪರನು ಒಂದು ಸಂಬಳವನ್ನು ಹೇಳಿದನು. ಸ್ಟ್ಯಾಗನು ಬೆರಗಿನಿಂದ ಸುಮ್ಮನಿದ್ದನು. ಸಾಲದೆಂದು ಸುಮ್ಮನಿದ್ದಾನೆಂದು ಭಾವಿಸಿ ಹಾರ್ಪರನು ಹೆಚ್ಚಿಸಿದನು. ಇವನು ಮತ್ತೂ ಸುಮ್ಮನಿದ್ದನು. ಕೊನೆಗೆ 2,500 ಡಾಲರು ಸಂಬಳ, ಜೀವಮಾನವಿಡೀ ಕದಲಿಸಲಾಗದ ಅಧ್ಯಾಪಕ ಸ್ಥಾನ ಎಂದು ನಿಶ್ಚಯವಾಯಿತು. ಪ್ರಸಂಗಪೀಠದ ಮೇಲೆ ಅವನನ್ನು ಕೆಡಿಸಿದ ಮೌನವು ಇಲ್ಲಿ ಅವನಿಗೆ ಉಪಕಾರ ಮಾಡಿತು. 1892ರಲ್ಲಿ ಅವನು ಚಿಕಾಗೋವಿಗೆ ಬಂದು 40 ವರುಷ ಅಲ್ಲಿಯೇ ಇದ್ದನು.

ಅವನು ಕಲಿಸಿದ ಆಟವನ್ನು ಅಮೇರಿಕದವರು ಫುಟ್‌ಬಾಲ್ ಎನ್ನುತ್ತಾರಾದರೂ ಅದು ನಮ್ಮ ಶಾಲೆಗಳಲ್ಲಿ ಕಾಲಿನಿಂದ ಒದೆಯುವ ಆಟವಲ್ಲ. ಕಡೆಗೆ ಹನ್ನೊಂದು ಮಂದಿ, ಮೊಟ್ಟೆಯಾಕಾರದ ಚೆಂಡು. ಅದನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ಗೆರೆಯನ್ನು ದಾಟಬೇಕು. ಎದುರಾಳಿಗಳು ನಮ್ಮ ಕಬಡ್ಡಿಯಲ್ಲಿಯಂತೆ ಹಿಡಿದು ಕೆಡಹುತ್ತಾರೆ. ಆ ಕಾಲದಲ್ಲಿ ಮೂರು ಸರದಿಗಳೊಳಗೆ 5 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗಳದು. ಆದಕಾರಣ ಎಲ್ಲರೂ ಗುಂಪಾಗಿ ಕೂಡಿ ಗೂಳಿಗಳಂತೆ ನುಗ್ಗುತ್ತಿದ್ದರು. ಕೈಕಾಲು ಮುರಿಯುತ್ತಿದ್ದವು, ಸಾಯುವವರೂ ಇದ್ದರು.

1896ರಲ್ಲಿ ಆ ಸೀಮೆಯ ಏಳು ವಿದ್ಯಾಲಯಗಳು ಕೂಡಿ ಒಂದು ಒಕ್ಕೂಟವನ್ನು ಕಟ್ಟಿದವು: ಚಿಕಾಗೋ, ಇಲಿನಾಯ್, ಮಿಚಿಗನ್, ಮಿನೆಸೋಟ, ನಾರ್ತ್‌ವೆಸ್ಟರ್ನ್, ಪರ್ಡ್ಯೂ, ವಿಸ್ಕಾನ್ಸಿನ್. ಕೂಲಿಗೆ ಆಡುವವರೂ ಓದದೆ ಆಡುವವರೂ ವಿದ್ಯಾರ್ಥಿಗಳ ನಡುವೆ ಸೇರಬಾರದೆಂಬುದೇ ಇದರ ಉದ್ದೇಶ. ಪಶ್ಚಿಮ ಒಕ್ಕೂಟವೆಂದು ಕರೆಯಲ್ಪಟ್ಟ ಇದಕ್ಕೆ ಬೇರೆ ಕಾಲೇಜುಗಳೂ ಸೇರಿ, ಮುಂದೆ ಮಹಾದಶಕವೆಂಬರ್ಥದ ಹೆಸರು ಬಂದಿತು. ಪ್ರತಿವರುಷ ಶರತ್ಕಾಲದಲ್ಲಿ ಇವು ಒಂದರೊಡನೊಂದು ಆಡಿ, ಗೆಲುವು ಸೋಲುಗಳ ಪಟ್ಟಿಯಲ್ಲಿ ಮೇಲೆ ನಿಂತದ್ದು ಆ ವರುಷದ ಪಟ್ಟವನ್ನು ಹೊಂದುತ್ತಿತ್ತು. ಸ್ಟ್ಯಾಗನ ತಂಡವು 1899ರಿಂದ 1924ರ ವರೆಗೆ ಏಳು ಸಲ ಈ ಪಟ್ಟವನ್ನು ಪಡೆಯಿತೆಂದು ಲೆಕ್ಕವಿದೆ.

ಎಲ್ಲಕ್ಕಿಂತಲೂ ಹೆಸರಾದದ್ದು 1905ನೇ ವರುಷ. ಮಿಚಿಗನಿನವರು 1901ರಿಂದ 56 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಒಂದು ಮಾತ್ರ ಸಮವಾಗಿತ್ತು. ಚಿಕಾಗೋದವರೂ ಆ ವರುಷ ಸೋಲನ್ನು ಕಂಡಿರಲಿಲ್ಲ. ನವೆಂಬರ್ 30ರಂದು, ಸ್ತೋತ್ರಾರ್ಪಣೆಯ ಹಬ್ಬದ ದಿನ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮುಂದೆ ಚಿಕಾಗೋವಿನಲ್ಲಿ ಇಬ್ಬರೂ ಎದುರಾದರು. ಬಹಳ ಹೊತ್ತಿನ ತನಕ ಯಾರಿಗೂ ಒಂದು ಅಂಕವೂ ಬರಲಿಲ್ಲ. ಆಗ ಚಿಕಾಗೋವಿನ ಎಕರ್ಸಾಲನು ಚೆಂಡನ್ನು ದೂರ ಒದೆದನು. ಮಿಚಿಗನಿನ ಡೆನಿಸನ್ ಕ್ಲಾರ್ಕನು ಅದನ್ನು ತನ್ನ ಗೆರೆಯ ಹಿಂದೆ ಹಿಡಿದು, ಅಲ್ಲಿಯೇ ಇಡದೆ ಓಡಿ ಹೊರಗೆ ಬಂದನು. ಇಬ್ಬರು ಅವನ ಮೇಲೆ ಬಿದ್ದು ಹಿಂದಕ್ಕೆ ಗೆರೆಯೊಳಗೆ ದೂಡಿದರು. ಅದಕ್ಕೆ ಎರಡು ಅಂಕಗಳು. 2ಕ್ಕೆ ಸೊನ್ನೆಯಾಗಿ ಆಟ ಮುಗಿಯಿತು. ಆ ವರುಷವೆಲ್ಲಾ ಮಿಚಿಗನಿನವರು ಹೊಡೆದದ್ದು 495 ಅಂಕಗಳು. ಬಿಟ್ಟುಕೊಟ್ಟದ್ದು ಈ ಎರಡೇ.

ಸ್ಟ್ಯಾಗನ ಜಯವನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಕ್ಲಾರ್ಕನನ್ನೂ ನೆನಸಬೇಕೆಂದಿದ್ದೇವೆ. ಒಂದು ಕ್ಷಣದ ತಪ್ಪಿಗಾಗಿ ವರ್ತಮಾನ ಪತ್ರಿಕೆಗಳು ಆ ಹುಡುಗನನ್ನು ದೂರಿದವು. ಸೋಲಿನ ಹೊರೆಯೆಲ್ಲವೂ ಅವನೊಬ್ಬನ ತಲೆಗೆ ಬಂದಿತು. 1932ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಅವನ ಹೃದಯದಲ್ಲಿ ಏನಿತ್ತೆಂಬುದು ದೇವರಿಗೆ ಗೊತ್ತು. ಆದರೆ ಒಂದು ಆಟಕ್ಕಾಗಿ ಮನುಷ್ಯನೊಬ್ಬನ ಮೇಲೆ ಅಷ್ಟು ಭಾರವನ್ನು ಹೊರಿಸಿದ ಜನಸಮೂಹವನ್ನು ನಾವು ನಿರ್ದೋಷಿಗಳೆಂದು ಎಣಿಸಲಾರೆವು.

ಅದೇ ವರುಷ ಈ ಆಟದಿಂದ ದೇಶದಲ್ಲಿ 18 ಮಂದಿ ಸತ್ತರೆಂದು ಚಿಕಾಗೋವಿನ ಪತ್ರಿಕೆಯೊಂದು ಲೆಕ್ಕ ಕೊಟ್ಟಿತು. ಅಧ್ಯಕ್ಷ ರೂಸ್ವೆಲ್ಟನು ಅಕ್ಟೋಬರಿನಲ್ಲಿಯೇ ಮೂರು ದೊಡ್ಡ ಕಾಲೇಜುಗಳವರನ್ನು ಕರೆಯಿಸಿ ಮಾತಾಡಿದ್ದನು. 1906ರಲ್ಲಿ ನಿಯಮಗಳು ಬದಲಾದವು: ಚೆಂಡನ್ನು ಮುಂದಕ್ಕೆ ಎಸೆಯಲು ಅಪ್ಪಣೆಯಾಯಿತು, ಐದು ಗಜಕ್ಕೆ ಬದಲಾಗಿ ಹತ್ತು ಗಜವಾಯಿತು. ಗುಂಪಾಗಿ ನುಗ್ಗುವುದಕ್ಕಿಂತ ಹರಡಿ ಓಡುವುದಕ್ಕೆ ಬೆಲೆ ಬಂದಿತು. ಪಶ್ಚಿಮ ಒಕ್ಕೂಟವು ಇನ್ನೂ ಕಠಿಣವಾಗಿ, ವರುಷಕ್ಕೆ ಐದೇ ಪಂದ್ಯ, ಒಬ್ಬನಿಗೆ ಮೂರೇ ವರುಷ ಆಟ, ಮೊದಲ ವರುಷದವರು ಆಡಕೂಡದು ಎಂದು ಕಟ್ಟಳೆ ಮಾಡಿತು. ಮಿಚಿಗನಿನವರು ಇದನ್ನು ತಾಳಲಾರದೆ ಒಕ್ಕೂಟವನ್ನು ಬಿಟ್ಟುಹೋಗಿ 1917ರಲ್ಲಿ ತಿರುಗಿ ಬಂದರು. ಸ್ಟ್ಯಾಗನಾದರೋ ಕಟ್ಟಳೆಯೊಳಗಿದ್ದೇ 1907ರಲ್ಲಿಯೂ 1908ರಲ್ಲಿಯೂ ಪಟ್ಟವನ್ನು ಗೆದ್ದನು.

ಅವನು ದೋಷವಿಲ್ಲದವನಾಗಿದ್ದನೆಂದು ನಾವು ಹೇಳುವುದಿಲ್ಲ. ಎಕರ್ಸಾಲನು ಓದಿನಲ್ಲಿ ಹಿಂದೆ ಬಿದ್ದವನು. ಪದವಿಯನ್ನು ಹೊಂದದೆಯೇ ಹೊರಟುಹೋದನು. ಒಕ್ಕೂಟವು ಯಾವ ಕೆಡುಕನ್ನು ತಡೆಯಲು ಹುಟ್ಟಿತೋ ಅದು ಸ್ಟ್ಯಾಗನ ಅಂಗಳದಲ್ಲಿಯೂ ಇತ್ತೆಂದು ಆ ಕಾಲದಲ್ಲಿಯೇ ಜನರು ಬರೆದರು. ಅದು ಪೂರ್ಣ ಸುಳ್ಳಲ್ಲ. ಗೆಲ್ಲಬೇಕೆಂಬ ಆಶೆಯು ಭಕ್ತನ ಹೃದಯದಲ್ಲಿಯೂ ಸಂದು ಹುಡುಕಿ ನುಗ್ಗುತ್ತದೆ.

ಆದರೂ ಅವನ ದಿನನಿತ್ಯದ ನಡತೆಯು ಶುದ್ಧವಾಗಿತ್ತು. ಹೊಗೆಬತ್ತಿಯಿಲ್ಲ, ಮದ್ಯವಿಲ್ಲ, ಬಯ್ಗುಳವಿಲ್ಲ. ಬಹಳ ಸಿಟ್ಟು ಬಂದರೆ ಹುಡುಗನನ್ನು ಕತ್ತೆಯೆಂದು ಕರೆಯುತ್ತಿದ್ದನು. ಅದಕ್ಕಿಂತ ಮುಂದೆ ನಾಲಿಗೆ ಹೋಗದು. ಪಂದ್ಯಕ್ಕೆ ಮೊದಲು ಪ್ರಾರ್ಥಿಸುವನು. ಜಯವನ್ನು ಬೇಡದೆ, ಹುಡುಗರು ತಮ್ಮ ಶಕ್ತಿಯಿದ್ದಷ್ಟು ಆಡುವಂತೆ ಬೇಡುವನು. 1922ರಲ್ಲಿ ಪ್ರಿನ್ಸ್‌ಟನ್ ಕಾಲೇಜಿನವರೊಡನೆ ನಡೆದ ಪಂದ್ಯದ ಸಂಗತಿಯೊಂದನ್ನು ಅವನ ಶಿಷ್ಯರು ಹೇಳುತ್ತಿದ್ದರು. ಚಿಕಾಗೋದವರು 18ಕ್ಕೆ 21ರಂತೆ ಹಿಂದಿದ್ದರು. ಗೆರೆಯು ಕೆಲವೇ ಅಡಿಗಳ ದೂರದಲ್ಲಿತ್ತು. ಬದಲಿ ಆಟಗಾರನೊಬ್ಬನ ಕೈಯಲ್ಲಿ ಮುಂದಿನ ಉಪಾಯವನ್ನು ಹೇಳಿಕಳುಹಿಸಬೇಕೆಂದು ಸಹಾಯಕನು ಅಂಗಲಾಚಿದನು. ಹಾಗೆ ಹೊರಗಿನಿಂದ ಹೇಳಿಕಳುಹಿಸುವುದು ನಿಯಮದ ಮನಸ್ಸಿಗೆ ಸಲ್ಲದೆಂದು ಸ್ಟ್ಯಾಗನು ಒಪ್ಪಲಿಲ್ಲ. ಹುಡುಗರು ಗೆರೆಯನ್ನು ದಾಟಲಾರದೆ ಹೋದರು, ಪಂದ್ಯವು ಹೋಯಿತು.

ಅವನ ಕೊನೆಯ ಪಟ್ಟವು 1924ರದು. ಆ ವರುಷ ಇಲಿನಾಯ್ ತಂಡದಲ್ಲಿ ಗ್ರೇಂಜ್ ಎಂಬ ಓಟಗಾರನಿದ್ದನು. ಅಕ್ಟೋಬರ್ 18ರಂದು ಅವನು ಮಿಚಿಗನಿನ ಮೇಲೆ 12 ನಿಮಿಷಗಳಲ್ಲಿ ನಾಲ್ಕು ಸಲ ಗೆರೆಯನ್ನು ದಾಟಿದ್ದನು. ನವೆಂಬರ್ 8ರಂದು ಇಲಿನಾಯ್ ಚಿಕಾಗೋವಿಗೆ ಬಂದಾಗ ಸ್ಟ್ಯಾಗನು ಮಾಡಿದ ಯುಕ್ತಿ ಬಹಳ ಸರಳ: ಚೆಂಡು ನಮ್ಮ ಕೈಯಲ್ಲಿಯೇ ಇದ್ದರೆ ಗ್ರೇಂಜನು ಓಡುವುದೆಲ್ಲಿಂದ? ಸ್ವಲ್ಪ ಸ್ವಲ್ಪವಾಗಿ, ಎರಡು ಗಜ, ಮೂರು ಗಜ ಎಂದು ಮುಂದೆ ತಳ್ಳುತ್ತಾ ಚಿಕಾಗೋದವರು ಮೊದಲು 14 ಅಂಕಗಳನ್ನು, ಬಳಿಕ 21ನ್ನು ಹೊಂದಿದರು. ಗ್ರೇಂಜನನ್ನು ಪೂರಾ ಕಟ್ಟಿಹಾಕಲು ಆಗಲಿಲ್ಲ. ಅವನು 80 ಗಜ ಓಡಿ ಸಮಮಾಡಿದನು. 21ಕ್ಕೆ 21.

ಒಕ್ಕೂಟದೊಳಗಿನ ಆರು ಪಂದ್ಯಗಳಲ್ಲಿ ಚಿಕಾಗೋ ಮೂರನ್ನು ಗೆದ್ದು ಮೂರನ್ನು ಸಮಮಾಡಿಕೊಂಡಿತು. ಸಮವಾದವುಗಳನ್ನು ಎಣಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ, ಸೋಲಿಲ್ಲದ ಚಿಕಾಗೋ ಪಟ್ಟಿಯ ತಲೆಯಲ್ಲಿ ನಿಂತಿತು. ನಾಲ್ಕು ಪಂದ್ಯಗಳನ್ನು ಗೆದ್ದ ಮಿಚಿಗನ್ ಎರಡು ಸೋಲುಗಳಿಂದ ಕೆಳಗಿಳಿಯಿತು. ಒಕ್ಕೂಟದ ಹೊರಗಿನ ಮಿಸೌರಿಯವರ ಕೈಯಲ್ಲಿ ಚಿಕಾಗೋ ಸೋತಿತ್ತಾದರೂ ಅದು ಈ ಲೆಕ್ಕಕ್ಕೆ ಬರಲಿಲ್ಲ. ಎಲ್ಲರೂ ಎಲ್ಲರೊಡನೆ ಆಡುತ್ತಲೂ ಇರಲಿಲ್ಲ. ಇಂಥ ಲೆಕ್ಕವು ನ್ಯಾಯವೋ ಎಂದು ವಾಚಕರು ಕೇಳಿದರೆ ನಾವೂ ತಲೆ ತುರಿಸಿಕೊಳ್ಳಬೇಕಾಗುತ್ತದೆ.

ಬಳಿಕ ಚಿಕಾಗೋ ತಂಡವು ಕ್ಷೀಣಿಸುತ್ತಾ ಬಂದಿತು. 70 ವರುಷ ಪ್ರಾಯವಾದವರು ಕೆಲಸ ಬಿಡಬೇಕೆಂಬ ನಿಯಮದಂತೆ ಸ್ಟ್ಯಾಗನಿಗೆ 1932ರ ಪಂದ್ಯಗಳೇ ಅಲ್ಲಿ ಕೊನೆಯವು. ಹೆಸರಿಗೊಂದು ಹುದ್ದೆಯನ್ನು ಕೊಟ್ಟು ಸಾಕುತ್ತೇವೆಂದರು. ಕೆಲಸವಿಲ್ಲದ ಸಂಬಳ ಅವನಿಗೆ ಬೇಡವಾಯಿತು. ಹೆಂಡತಿಯನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಎಂಬಲ್ಲಿ ಮೆಥಡಿಸ್ಟರು ಸ್ಥಾಪಿಸಿದ್ದ ಪೆಸಿಫಿಕ್ ಕಾಲೇಜಿಗೆ ಹೋಗಿ, ಮೊದಲಿನಿಂದ ಪ್ರಾರಂಭಿಸಿದನು. 1938ರಲ್ಲಿ ಆ ಚಿಕ್ಕ ಕಾಲೇಜಿನ ಹುಡುಗರನ್ನು ಚಿಕಾಗೋವಿಗೆ, ತನ್ನ ಹೆಸರನ್ನೇ ಇಟ್ಟಿದ್ದ ಮೈದಾನಕ್ಕೆ ಕರೆತಂದು, ತನ್ನ ಹಳೆಯ ವಿದ್ಯಾಲಯವನ್ನು 32ಕ್ಕೆ ಸೊನ್ನೆಯಂತೆ ಸೋಲಿಸಿದನು. ಮರುವರುಷ ಮಿಚಿಗನ್ ಚಿಕಾಗೋವನ್ನು 85ಕ್ಕೆ ಸೊನ್ನೆಯಾಗಿ ಸೋಲಿಸಿತು. ಆ ವರುಷದ ಕೊನೆಯಲ್ಲಿ ಚಿಕಾಗೋ ಆಟವನ್ನೇ ಕೈಬಿಟ್ಟು, 1946ರಲ್ಲಿ ಒಕ್ಕೂಟದಿಂದ ಹೊರಬಂದಿತು. ಆ ಮೈದಾನದ ಕಟ್ಟೆಗಳ ಕೆಳಗೆಯೇ 1942ನೇ ಡಿಸೆಂಬರ್ 2ರಂದು ವಿಜ್ಞಾನಿಗಳು ಅಣುಶಕ್ತಿಯನ್ನು ಮೊದಲ ಬಾರಿ ಸರಪಣಿಯಂತೆ ಹರಿಯಿಸಿ ಹಿಡಿತದಲ್ಲಿಟ್ಟರು.

1947ರಿಂದ 1952ರ ವರೆಗೆ ಸ್ಟ್ಯಾಗನು ಪೆನ್ಸಿಲ್ವೇನಿಯಾದಲ್ಲಿ ತನ್ನ ಮಗನ ತಂಡಕ್ಕೆ ಸಹಾಯಕನಾಗಿದ್ದನು. ಬಳಿಕ ಸ್ಟಾಕ್‌ಟನಿಗೆ ಹಿಂತಿರುಗಿ ತೊಂಬತ್ತು ದಾಟಿದ ಮೇಲೂ ಹುಡುಗರಿಗೆ ಚೆಂಡೊದೆಯುವುದನ್ನು ತೋರಿಸುತ್ತಿದ್ದನು. ಮನೆಯಂಗಳದ ಹುಲ್ಲನ್ನು ತಾನೇ ಕತ್ತರಿಸುತ್ತಿದ್ದನು. ಅವನ ಹೆಂಡತಿ ಸ್ಟೆಲ್ಲಾ 1894ರಲ್ಲಿ ಅವನನ್ನು ಮದುವೆಯಾದವಳು. ಪಂದ್ಯಗಳ ನಡೆಗಳನ್ನು ಕಾಗದದ ಮೇಲೆ ಗುರುತಿಸಿ ಕೊಡುವುದು ಅನೇಕ ವರುಷ ಅವಳ ಕೆಲಸವಾಗಿತ್ತು. ಅವಳು 1964ರಲ್ಲಿ ತೀರಿಕೊಂಡಳು. ಸ್ಟ್ಯಾಗನು 1965ನೇ ಮಾರ್ಚ್ 17ರಂದು, 102 ವರುಷ ತುಂಬಿದವನಾಗಿ, ಸ್ಟಾಕ್‌ಟನಿನಲ್ಲಿಯೇ ಕರ್ತನಲ್ಲಿ ನಿದ್ರೆಹೋದನು.